ಗಾಳಿ ಒಯ್ದ ಫರ್ ರೆಂಬೆಗಳು

ಪಕ್ಕದ ಮನೆಯ ತೆಕ್ಲೆಗೆ,

ನೀನು ಕ್ಷೇಮವೆಂದು ಬೇಲಿಯಾಚೆಯಿಂದಲೇ ಕಾಣುತ್ತಿದೆ. ಅದಕ್ಕೇ ನೇರ ವಿಷಯಕ್ಕೆ ಬರುತ್ತೇನೆ.

ಹಿಮ ಬೀಳುವ ಮೊದಲು ಗುಲಾಬಿ ಮಡಿಗಳಲ್ಲಿ ಬುಡಕ್ಕೆ ಮಣ್ಣು ಏರಿಸಿ, ಬೇರು ಚಳಿಗೆ ಸಾಯದಿರಲೆಂದು ಮೇಲೆ ಫರ್ ಮರದ ರೆಂಬೆ ಹೊದಿಸಿದ್ದೆ. ತೀರಿಹೋದ ನನ್ನ ಗಂಡ ಜೆನೋನಾಸರ ಹಳೆಯ ಸ್ವೆಟರ್ ಬಿಚ್ಚಿ, ಆ ನೀಲಿ ಉಣ್ಣೆಯಿಂದ ಕಟ್ಟಿದ್ದೆ. ಮಾರನೆಯ ಬೆಳಿಗ್ಗೆ ಅರ್ಧಕ್ಕರ್ಧ ಮಾಯ. ನಿನ್ನನ್ನು ಕೇಳಿದರೆ, "ಅಯ್ಯೋ, ಗಾಳಿಗೆ ಹಾರ್ಹೋಗಿರ್ಬೇಕು ಕಣೇ ಸ್ಟಾಸೆ. ನಿಂಗೆ ಎಲ್ಲದ್ರಲ್ಲೂ ಅನುಮಾನ!" ಅಂದೆ.

ಶನಿವಾರ ಜೆನೋನಾಸರ ಸಮಾಧಿಯ ಹೂಮಡಿಗೂ ರೆಂಬೆ ಹೊದಿಸೋಣವೆಂದು ಹೋದೆ. ಯಾರೋ ಆಗಲೇ ಹೊದಿಸಿದ್ದರು. ನನ್ನದೇ ರೆಂಬೆ, ನನ್ನದೇ ನೀಲಿ ಉಣ್ಣೆ. ಬಲು ಜಾಣ ಗಾಳಿ, ಸ್ಮಶಾನದ ದಾರಿಯೂ ಅದಕ್ಕೆ ಗೊತ್ತು.

ಆ ರೆಂಬೆ ಅಲ್ಲೇ ಇರಲಿ, ನನಗೆ ಬೇಡ. ಗುಲಾಬಿಗೆ ಬೇರೆ ರೆಂಬೆ ಕಡಿಯುತ್ತೇನೆ. ನಾಳೆ ನಿನ್ನ ಏಣಿ ತಂದುಕೊಡು.

ಇನ್ನೊಂದು ಮಾತು. ನಮ್ಮ ಉಟೆನಾ ಊರಿನಲ್ಲಿ ಎಲ್ಲರೂ ಸಮಾಧಿಗೆ ಒಂದೇ ಸಮನೆ ರೆಂಬೆ ಹೊದಿಸುತ್ತಾರೆ. ಜೆನೋನಾಸರ ಸಮಾಧಿಯಲ್ಲಿ ತಲೆಯ ಕಡೆ ತೆಳುವಾಗಿದೆ, ಕಾಲಿನ ಕಡೆ ಮಾತ್ರ ಪದರದ ಮೇಲೆ ಪದರ. ಅವರಿಗೆ ಹಾಸಿಗೆಯಲ್ಲಿ ಪಾದಗಳಷ್ಟೇ ಮಂಜುಗಡ್ಡೆಯಂತೆ ತಣ್ಣಗಾಗುತ್ತಿದ್ದವು. ಮದುವೆಯಾದಾಗಿನಿಂದ ಕಾಲಿಗೆ ಇನ್ನೊಂದು ಕಂಬಳಿ ಹೊದಿಸಿದವಳು ನಾನು. ಅದನ್ನು ಯಾರೊಡನೆಯೂ ಆಡಿದವಳಲ್ಲ.

ನಿನಗೆ ಹೇಗೆ ಗೊತ್ತಾಯಿತೆಂದು ಏಣಿ ತಂದಾಗ ಹೇಳು. ಗಾಳಿ ಹೇಳಿತು ಅನ್ನಬೇಡ.

ಬೇಲಿಯ ಈಚೆಯಿಂದ,
ಸ್ಟಾಸೆ