ಜಾಲಿ ಮರದ ಕೆಳಗಿನ ನಿದ್ದೆ

ಫೆಬ್ರವರಿ ೩೦, ೨೧೪೮

ಇಲ್ಲ ಸಲೋಮಿ ಆಯಿ, ಉಸಿರು ಎಣಿಸಿದರೆ ದಣಿವು ಹೋಗುತ್ತದೆ ಅನ್ನುವ ನಿನ್ನ ಮಾತನ್ನು ನಾನು ಒಪ್ಪುವುದಿಲ್ಲ. ನೀನು ನನ್ನ ಮುತ್ತಜ್ಜಿಗೂ ಮುತ್ತಜ್ಜಿ, ಎದುರಾಡಬಾರದು, ಗೊತ್ತು. ಆದರೆ ನೀನು ನರ್ಸಾಗಿದ್ದ ಆಸ್ಪತ್ರೆಯ ಗೋಡೆ ಮೇಲೆ ನಿನ್ನ ಸಾಲು ಇವತ್ತಿಗೂ ಇದೆ: ‘ನಿಲ್ಲು, ಉಸಿರಾಡು, ಪ್ರಭುವನ್ನು ನೆನೆ.’ ಅದರ ಕೆಳಗೇ ಕೂತು ಬರೆಯುತ್ತಿದ್ದೇನೆ. ನಾನು ಯೋನಾ, ಹತ್ತನೇ ಇಯತ್ತೆ ಓದಿ ಇಲ್ಲೇ ವಾರ್ಡ್‌ಬಾಯ್ ಆದವನು. ನಮ್ಮ ಕಾಲದ ಮಾತು ವಿಚಿತ್ರ ಅನ್ನಿಸಿದರೆ ಹೊಟ್ಟೆಗೆ ಹಾಕಿಕೋ.

ಮೇಲಿನ ತಾರೀಖು ತಪ್ಪಲ್ಲ. ಆರೈಕೆ ಕೆಲಸದವರಿಗೆ ವಿಶ್ರಾಂತಿ ಬೇಕೆಂದು ವರ್ಷಕ್ಕೊಂದು ದಿನ ಹೆಚ್ಚಿಗೆ ಸೇರಿಸಿದರು. ಆ ದಿನದ ಕೆಲಸಕ್ಕೆ ಜನರನ್ನು ಸೇರಿಸಲಿಲ್ಲ. ಹಾಗಾಗಿ ಇವತ್ತೂ ಡ್ಯೂಟಿ. ರೋಗಿಗಳನ್ನು ಎತ್ತಿ ಕೂರಿಸಲು ಎತ್ತುಗೈ ಎಂಬ ಯಂತ್ರವಿದೆ. ಬಾಯಿ ಒರೆಸುವುದು, ಅಳುವವರ ಹತ್ತಿರ ಕೂರುವುದು ನಮ್ಮದೇ. ಎಲ್ಲರ ಮಣಿಕಟ್ಟಿಗೂ ಶಾಂತಿಪಟ್ಟಿ ಕಟ್ಟಿದ್ದಾರೆ. ಉಸಿರು ನಿಧಾನವಾಗಿದ್ದರೆ ಹಸಿರಾಗುತ್ತದೆ. ಹಸಿರಿದ್ದರೆ ನಾವು ಚೆನ್ನಾಗಿದ್ದೇವೆ ಅಂತ ಲೆಕ್ಕ, ಇನ್ನೊಂದು ಡ್ಯೂಟಿ ಹಾಕಬಹುದು. ನಿನ್ನ ಪ್ರಾರ್ಥನೆಯನ್ನು ಹೀಗೆ ಬಳಸುತ್ತಾರೆ, ಆಯಿ.

ನಿನಗೆ ಅದು ಆಸರೆಯಾಗಿತ್ತು, ಇಲ್ಲವೆನ್ನುವುದಿಲ್ಲ. ಆದರೆ ನೀನು ಕಣ್ಣು ಮುಚ್ಚಿ ಕೂತಾಗ ನಿನ್ನ ರೋಗಿಗಳನ್ನು ನೋಡಲು ಇನ್ನೊಬ್ಬಳು ಇದ್ದಳು. ನನ್ನ ಅಕ್ಕ ತಬಿತಾಗೆ ಯಾರೂ ಇಲ್ಲ. ಅವಳೂ ನಿನ್ನ ಹಾಗೆ ನರ್ಸು. ನಿನ್ನೆಯಿಂದ ಮನೆಗೆ ಬಂದಿಲ್ಲ. ಬೆಳಿಗ್ಗೆ ನಾನು ವಾರ್ಡಿಗೆ ಹೋದಾಗ ಒಬ್ಬ ಅಜ್ಜನಿಗೆ ಗಂಜಿ ಕುಡಿಸುತ್ತಿದ್ದಳು. ಗಂಜಿ ಗದ್ದದ ಮೇಲೆ ಇಳಿಯುತ್ತಿತ್ತು. ಅಜ್ಜ ಆಗಲೇ ಸತ್ತಿದ್ದ. ಅಕ್ಕ ಮೆಲ್ಲಗೆ ಉಸಿರಾಡುತ್ತ ಚಮಚ ತುಂಬಿ ತುಂಬಿ ಹಿಡಿಯುತ್ತಿದ್ದಳು. ಅವಳ ಪಟ್ಟಿ ಹಸಿರಾಗಿತ್ತು.

ದಣಿದವರನ್ನು ಕಣ್ಣು ಮುಚ್ಚಿ ಕೂರಿಸುವ ಮೌನಮನೆಯ ಉಸ್ತುವಾರಿ ಎಫ್ರಾಯಿಮ್ ಪಾಸ್ಟರ್ ಅವರದು. ಬಂದು ನೋಡಿ, “ಮನಸು ಚದರೈತಿ. ಒಂದು ತಾಸು ಮೌನಮನ್ಯಾಗ ಕೂಡಸು, ಆಮ್ಯಾಲೆ ವಾರ್ಡಿಗೆ ಕಳಸು,” ಅಂದರು.

“ಆಕಿಗೆ ಮೌನ ಬ್ಯಾಡ್ರಿ, ನಿದ್ದಿ ಬೇಕು,” ಅಂದೆ ನಾನು.

“ನಿದ್ದಿ ಮನಿಯಾಗ ಮಾಡ್ಲಿ.”

“ಮನಿಗೆ ಯಾವಾಗ ಬಿಡ್ತೀರಿ?”

ಪಾಸ್ಟರ್ ಬಾಗಿಲ ಕಡೆ ತಿರುಗಿದರು. ನಾನು ಬಿಡಲಿಲ್ಲ. ಪ್ರವಾದಿ ಎಲೀಯ ದಣಿದು, ಸಾವು ಬರಲಿ ಎಂದು ಜಾಲಿ ಮರದ ಕೆಳಗೆ ಬಿದ್ದುಕೊಂಡಾಗ ದೇವದೂತ ಬಂದು ಏನು ಮಾಡಿದ ಅಂತ ಕೇಳಿದೆ. ನಾನೇ ಹೇಳಿದೆ: ರೊಟ್ಟಿ ಕೊಟ್ಟ, ನೀರು ಕೊಟ್ಟ. ಎಲೀಯ ತಿಂದು ಮತ್ತೆ ಮಲಗಿದ. ದೂತ ಬೈಯಲಿಲ್ಲ, ಎರಡನೇ ಸಲವೂ ರೊಟ್ಟಿ ತಂದ. ದೇವರ ಮೆಲ್ಲನೆಯ ದನಿ ಅವನಿಗೆ ಕೇಳಿಸಿದ್ದು ಅದೆಲ್ಲ ಆದ ಮೇಲೆ.

ಪಾಸ್ಟರ್ ನಕ್ಕರು. “ಹತ್ತನೇ ಇಯತ್ತೆ ಪಾಸಾದಾವ ನನಗ ಬೈಬಲ್ ಕಲಸ್ತೀಯೇನೋ ತಮ್ಮಾ? ತಾಸಿನ ಮ್ಯಾಲೆ ಬರ್ತೀನಿ.”

ಅಕ್ಕನನ್ನು ಇಲ್ಲಿ, ನಿನ್ನ ಸಾಲಿರುವ ಈ ಮೌನಮನೆಯಲ್ಲಿ ಕೂರಿಸಿದೆ. ಕಣ್ಣು ಮುಚ್ಚಿಕೊಂಡು, “ತಮ್ಮಾ, ಆ ಅಜ್ಜ ಗಂಜಿ ಕುಡದನೇನು?” ಅಂದಳು. ಕುಡಿದ ಅಂದೆ. ಹಾಗೇ ಚಾಪೆಗೆ ಒರಗಿದಳು. ಈಗ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಾಳೆ.

ಈ ಕಾಗದ ಹೇಗಾದರೂ ಹಿಂದಕ್ಕೆ, ನಿನ್ನ ಕಾಲಕ್ಕೆ ಮುಟ್ಟಿದರೆ ಒಂದು ಕೆಲಸ ಮಾಡು. ಮುಂದೊಂದು ದಿನ ಗೋಡೆಗೆ ಹಾಕಲು ನಿನ್ನ ಸಾಲು ಕೇಳಿಕೊಂಡು ಬರುತ್ತಾರೆ. ಪ್ರಭುವಿನ ಹೆಸರಿಗೂ ಮೊದಲು ‘ಮಲಗಿಸಿ, ಉಣ್ಣಿಸಿ, ಕೆಲಸಕ್ಕೆ ಇನ್ನೊಬ್ಬರನ್ನು ಇಡಿ’ ಅಂತ ಬರೆ. ಪ್ರಭುವಿಗೆ ಸಿಟ್ಟು ಬರುವುದಿಲ್ಲ. ಬರೆಯಲು ಬಿಡದಿದ್ದರೆ ಆ ಗೋಡೆಗೆ ಏನನ್ನೂ ಕೊಡಬೇಡ.

ಪಾಸ್ಟರ್ ಕಾರಿಡಾರಿನಲ್ಲಿ ಯಾರನ್ನೋ ಮಾತಾಡಿಸುತ್ತ ಬರುತ್ತಿದ್ದಾರೆ. ಅವರು ಏನು ಹೇಳುವುದಿದ್ದರೂ ಹೊರಗೇ ನನಗೆ ಹೇಳಲಿ. ಅಕ್ಕನ ವಾರ್ಡಿನಲ್ಲಿ ಕೈಲಾದಷ್ಟು ನಾನು ಮಾಡುತ್ತೇನೆ, ಆಗದ್ದಕ್ಕೆ ಅವರೇ ಜನ ಹುಡುಕಲಿ. ಎದ್ದೆ, ಆಯಿ. ಹೊರಗೆ ಹೋಗಿ, ಸಪ್ಪಳವಾಗದ ಹಾಗೆ ಬಾಗಿಲು ಹಾಕುತ್ತೇನೆ.