ಜಾಗ ತಪ್ಪಿ ಬಿದ್ದ ಹೂಂ

ಮಾವಾ,

ದಾರಿ ತಪ್ಪಿದ ಹಳ್ಳದ ಕತೆಯನ್ನು ಮೊದಲು ಹೇಳಿದವನು ನೀನು. ಕೊರೊನಾ ಬರುವುದಕ್ಕೆ ಮುಂಚಿನ ಬೇಸಿಗೆಯಲ್ಲಿ, ಹನೂರು ದಾಟಿ ನಮ್ಮ ಬಸ್ಸು ಕೆಟ್ಟು ನಿಂತಾಗ, ಹುಣಸೆಮರದ ನೆರಳಲ್ಲಿ. ಕಾವೇರಿ ಸೇರಲು ಹೊರಟ ಹಳ್ಳವೊಂದು ಬಾಗಿಲು ಬಾಗಿಲಿಗೂ ಹೋಗಿ ದಾರಿ ಕೇಳುವ ಕತೆ. ಮುಗಿಸಿ, "ಇನ್ಮೇಲೆ ನೀನೇಳ್ಲಾ, ನಾನು ಊಂಗುಟ್ತೀನಿ" ಅಂದೆ. ಅವತ್ತಿನಿಂದ ಪಕ್ಕದಲ್ಲಿ ನಿನ್ನ ಹೂಂ ಬಿದ್ದರೇ ನನ್ನ ಬಾಯಲ್ಲಿ ಮುಂದಿನ ಮಾತು.

ಕೊಳ್ಳೇಗಾಲದ ಮಗ್ಗದ ಮನೆಯ ಗೌರಿ ಆ ಕತೆಗೆ ಹೊಸ ಸಂಗೀತ ಕಟ್ಟಿದ್ದು ನೆನಪಿದೆಯಾ? ಅವಳ ಪಿಟೀಲು, ಅಜ್ಜೀಪುರದ ಮಾದೇವನ ದಮ್ಮಡಿ, ನನ್ನ ಮಾತು, ನಿನ್ನ ಹೂಂ. ನಾವು ನಾಲ್ಕೇ ಜನ. ಮೊದಲ ದಿನ ಕೇಳಿ, "ಇದ್ಯಾವ ರಾಗವ್ವ, ಬಾವಿ ರಾಟೆ ಕಿರುಗುಟ್ಟ್ದಂಗದೆ" ಅಂದೆ ನೀನು. "ಅದೇ ಕಣ್ರಿ ದೊಡ್ಡಪ್ಪ, ರಾಟೇನೇ" ಎಂದು ಅವಳು ನಕ್ಕಳು. ರೆಕಾರ್ಡಿಂಗಿಗೆ ದಿನ ಗೊತ್ತು ಮಾಡುವಷ್ಟರಲ್ಲಿ ಲಾಕ್‌ಡೌನ್. ನೀನು ಯಳಂದೂರಿನಲ್ಲಿ, ನಾನು ಹನೂರಿನಲ್ಲಿ.

ಅವರವರ ಮನೆಯಲ್ಲೇ ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸುವುದು, ಗೌರಿ ಎಲ್ಲವನ್ನೂ ಕೂಡಿಸುವುದು ಎಂದಾಯಿತು. ನಾನು ಅಡುಗೆಮನೆಯಲ್ಲಿ ಕೂತು ಹೇಳಿದೆ. ಪ್ರತಿ ಮಾತಿಗೂ ನಿಂತು ಕಾದೆ. ಎದುರಿಗೆ ರಾಗಿಹಿಟ್ಟಿನ ಡಬ್ಬ. ಅದು ಹೂಂ ಅನ್ನುತ್ತದೆಯೇ?

ನೀನು ಮಾಡಿದ್ದಾದರೂ ಏನು? ನನ್ನ ಕತೆಯನ್ನು ಕಿವಿಗೇ ಹಾಕಿಕೊಳ್ಳದೆ, ಮನಸ್ಸಲ್ಲೇ ನಡೆಸಿಕೊಂಡು, ಬರೀ ಹೂಂ ಕಳಿಸಿದೆ. ಒಂದೂ ಜಾಗಕ್ಕೆ ಬೀಳಲಿಲ್ಲ. ನನ್ನ ಹಳ್ಳ ಇನ್ನೂ ಬೆಟ್ಟ ಇಳಿದಿಲ್ಲ, ನೀನಾಗಲೇ "ಅಯ್ಯೋ ಪಾಪ" ಅನ್ನುತ್ತಿದ್ದೆ. ಮಾದೇವ ಫೋನಿನಲ್ಲಿ ಉಸಿರು ಕಟ್ಟುವಷ್ಟು ನಕ್ಕ. ಇನ್ನೊಂದು ಸಲ ಮಾಡು ಅಂದರೆ, "ಕೆಮ್ಮು ಕಣ್ಲಾ, ವಾಸಿಯಾಗ್ಲಿ ತಡಿ" ಅಂದೆ. ವಾಸಿಯಾಗಿದ್ದರೆ...

ನಿನ್ನ ಮಣ್ಣಿಗೂ ಬರಲಾಗಲಿಲ್ಲ ನಮಗೆ.

ಎಷ್ಟೋ ದಿನದ ಮೇಲೆ ಗೌರಿ ಫೋನ್ ಮಾಡಿ, "ಅಣ್ಣ, ಬ್ಯಾರೆ ಯಾರತ್ರಾದ್ರೂ ಊಂ ಅನ್ನುಸ್ಲಾ?" ಎಂದಳು. ನಿನ್ನ ದನಿ ಅಂತ ಉಳಿದದ್ದು ನೀನು ಕಳಿಸಿದ ಆ ಹೂಂ ಒಂದೇ. "ಬ್ಯಾಡ, ಕತೇನೇ ತಿರುಗಾ ಏಳ್ತೀನಿ" ಅಂದೆ ನಾನು. ನಿನ್ನ ಹೂಂ ಕಿವಿಗೆ ಹಾಕಿಕೊಂಡು ಕೂತೆ. ನೀನು ಪಾಪ ಅಂದ ಕಡೆ ಹಳ್ಳದ ಮುಖಕ್ಕೊಂದು ಬಾಗಿಲು ಮುಚ್ಚಿಸಿದೆ. ಕೆಮ್ಮಿದ ಕಡೆ ಸುಮ್ಮನೆ ಕಾದೆ. ಅವರಿಬ್ಬರೂ ಅದಕ್ಕೆ ತಕ್ಕಂತೆ ಮತ್ತೆ ನುಡಿಸಿದರು. ಹೇಳುವಷ್ಟು ಹೊತ್ತು ಆ ಅಡುಗೆಮನೆಯಲ್ಲಿ ನಾನು ಒಬ್ಬನೇ ಇರಲಿಲ್ಲ. ಮುಗಿದ ಮೇಲೆ ಇನ್ನಷ್ಟು ಒಬ್ಬನಾದೆ.

ನನ್ನ ಹಳ್ಳ ಕಾವೇರಿ ಸೇರಿದ ಮೇಲೂ ನೀನು ಮುಗಿಸಿರಲಿಲ್ಲ. ಕೊನೆಯಲ್ಲಿ, "ಊಂ... ಆಮೇಲೆ?" ಅಂತಿದೆ. ಗೌರಿ ಅದನ್ನು ಕತ್ತರಿಸಲಿಲ್ಲ.

ಮತ್ತೆ ಬಸ್ಸು ಓಡಲು ಬಿಟ್ಟ ಮೇಲೆ ಮೂವರೂ ಯಳಂದೂರಿಗೆ ಹೋಗಿ ಅತ್ತೆಗೆ ಕೇಳಿಸಿದೆವು. ನಿನ್ನ "ಆಮೇಲೆ?" ಬಂದಾಗ ಅತ್ತೆ ತಲೆ ಎತ್ತಿ ನನ್ನ ಮುಖ ನೋಡಿದಳು. ಅವತ್ತು ಅಲ್ಲೇ ಉಳಿದೆವು.

ಆಮೇಲೆ ಏನಾಯಿತು ಅಂದರೆ, ಮಾವಾ, ಬೆಳಗ್ಗೆ ಎದ್ದು ನೋಡಿದರೆ ಮಾದೇವ ಒಲೆ ಮುಂದೆ ದಮ್ಮಡಿಯ ಚರ್ಮ ಕಾಯಿಸುತ್ತಿದ್ದ. ಗೌರಿ ತಂತಿ ಬಿಗಿಯುತ್ತಿದ್ದಳು. ಜಗಲಿಯಲ್ಲಿ ನಿನ್ನ ಜಾಗದಲ್ಲಿ ಅತ್ತೆ ಕೂತಿದ್ದಳು. "ಆ ಕತೆಯ ಮೊದ್ಲಿಂದ ಏಳ್ಲಾ" ಅಂದಳು. ಶುರು ಮಾಡಿದೆ. ಮೊದಲ ಮಾತಿಗೇ ನಿಂತೆ.

"ಊಂ" ಅಂದಳು ಅತ್ತೆ.