ಅಪ್ಪನ ಫೋನನ್ನು ಅಳಿಸಬೇಡ

ನನ್ನ ಗುಬ್ಬಿಗೆ,

ಗುರುವಾರ, ಸಂಜೆ ಏಳು ಗಂಟೆ.

ಈಗಷ್ಟೇ ಲಾಂಡ್ರಿಯಿಂದ ಬಂದು ಕಾಲು ಚಾಚಿ ಕೂತಿದ್ದೇನೆ. ಇವತ್ತು ಹೋಟೆಲಿನವರ ಬೆಡ್‌ಶೀಟುಗಳ ದಿನ, ಮಡಿಸಿ ಮಡಿಸಿ ತೋಳುಗಳು ಬಿದ್ದುಹೋಗಿವೆ. ಮಧ್ಯಾಹ್ನ ಸ್ವಲ್ಪ ಬಿಡುವು ಕೇಳಿಕೊಂಡು ಫೋನ್ ಅಂಗಡಿಗೆ ಹೋಗಿ ಬಂದೆ. ಅಮ್ಮ ಯಾಕೆ ಫೋನ್ ಮಾಡದೆ ಕಾಗದ ಬರೆಯುತ್ತಿದ್ದಾಳೆ ಎಂದು ನಿನಗೆ ಆಶ್ಚರ್ಯವಾಗಬಹುದು. ಫೋನಿನಲ್ಲಾದರೆ ನೀನು ನನ್ನ ಮಾತನ್ನು ಅರ್ಧದಲ್ಲೇ ಹಿಡಿದು ಬೇರೆ ಕಡೆ ತಿರುಗಿಸುತ್ತೀಯ.

ವಿಷಯ ಹಳೆಯದೇ. ನನ್ನ ಫೋನ್ ಬಿಟ್ಟು ಅಪ್ಪನ ಐಫೋನಿಗೆ ಬದಲಾಗಬೇಕೋ ಬೇಡವೋ. ಈಚೆಗೆ ನೀನು ಕರೆ ಮಾಡಿದಾಗಲೆಲ್ಲ ಇದೇ ಪಾಠ. "ನಿನ್ನ ಆ ಡಬ್ಬಾ ಆ್ಯಂಡ್ರಾಯ್ಡ್ ಎಸೆದುಬಿಡಮ್ಮ. ಅಪ್ಪಂದು ಸುಮ್ನೆ ಬಿದ್ದಿದೆ. ಅದರ ಪಾಸ್‌ವರ್ಡ್ ನನ್ನ ಹತ್ರ ಇದೆ, ಇಲ್ಲಿಂದಾನೇ ಎಲ್ಲಾ ಅಳಿಸಿ ಹೊಸದರ ಥರ ಮಾಡಿ ಕೊಡ್ತೀನಿ" ಅನ್ನುತ್ತೀಯ. ನಾನು ಯೋಚಿಸುತ್ತೇನೆ ಅಂದರೆ ನಿನಗೆ ಸಿಡಿಮಿಡಿ. ಫೋನ್ ಬದಲಾಯಿಸೋಕೆ ಇಷ್ಟೊಂದು ಯೋಚನೆ ಯಾಕೆ, ಮದುವೆ ಸಂಬಂಧ ನೋಡ್ತಿದ್ದೀಯಾ ಎಂದು ನೀನು ಕೇಳಿದೆ. ನನಗೆ ನಗು ಬಂತು, ಆದರೂ ಯೋಚನೆ ಬಿಡಲಿಲ್ಲ.

ನಿಜ, ನನ್ನ ಫೋನಿಗೆ ವಯಸ್ಸಾಯಿತು. ಬೆಳಿಗ್ಗೆ ತುಂಬಿಸಿದ ಚಾರ್ಜು ಊಟದ ಹೊತ್ತಿಗೆ ಖಾಲಿ. ಸ್ವಲ್ಪ ಹೊತ್ತು ಮಾತಾಡಿದರೆ ಇಸ್ತ್ರಿ ಪೆಟ್ಟಿಗೆಯ ಹಾಗೆ ಕಾಯುತ್ತದೆ. ಅಪ್ಪನದು ಹಾಗಲ್ಲ, ಅಕ್ಷರ ಸ್ಪಷ್ಟ, ಬೆಣ್ಣೆಯ ಹಾಗೆ ಜಾರುತ್ತದೆ. ಆದರೆ ನನ್ನದರಲ್ಲಿ ಹಿಂದಕ್ಕೆ ಹೋಗುವ ಗುಂಡಿ ಕೆಳಗೇ ಇದೆ. ಅಪ್ಪನದರಲ್ಲಿ ಅದನ್ನು ಹುಡುಕಬೇಕು, ಒಂದೊಂದು ಕಡೆ ಒಂದೊಂದು ಥರ. ಲಾಂಡ್ರಿಯಲ್ಲಿ ನಮಗೆಲ್ಲ ಸೇರಿ ಇರುವ ಒಂದೇ ಚಾರ್ಜರಿನ ಪಿನ್ನು ಅದಕ್ಕೆ ಹಿಡಿಯುವುದಿಲ್ಲ. ಇನ್ನೊಂದು ದೊಡ್ಡ ವಿಷಯ, ನನ್ನದು ಬಂದ ಕರೆಗಳನ್ನೆಲ್ಲ ತಾನೇ ರೆಕಾರ್ಡ್ ಮಾಡಿಕೊಳ್ಳುತ್ತದೆ. ನಾಲ್ಕು ಅಂಗಿ ಕೊಟ್ಟು ಐದು ಕೊಟ್ಟಿದ್ದೆ ಎಂದು ಜಗಳಕ್ಕೆ ಬರುವ ಗಿರಾಕಿಗೆ ಅವನ ದನಿಯನ್ನೇ ಕೇಳಿಸಿದರೆ ಬಾಯಿ ಮುಚ್ಚುತ್ತಾನೆ. ಅಪ್ಪನದರಲ್ಲಿ ಆ ಅನುಕೂಲವಿಲ್ಲವಂತೆ. ವಾಟ್ಸ್ಆ್ಯಪ್ ಮಾತುಗಳು ಒಂದು ಕಂಪನಿಯಿಂದ ಇನ್ನೊಂದಕ್ಕೆ ದಾಟುತ್ತವೆಯೇ ಎಂದು ಅಂಗಡಿಯಲ್ಲಿ ಕೇಳಿದೆ. ಬರುತ್ತವೆ, ಆದರೆ ಗ್ಯಾರಂಟಿ ಕೊಡೋದಿಲ್ಲ ಎಂದರು. ಅಪ್ಪ ನನಗೆ ಕಳಿಸಿದ್ದೆಲ್ಲ ಇರುವುದು ಅಲ್ಲಿ. ಗ್ಯಾರಂಟಿ ಇಲ್ಲದವರ ಕೈಗೆ ಹೇಗೆ ಕೊಡಲಿ?

ಇಷ್ಟೇ ಆಗಿದ್ದರೆ ನೀನು ಹೇಳಿದಂತೆ ಕೇಳಿಬಿಡುತ್ತಿದ್ದೆನೇನೋ. ನನ್ನ ಮನಸ್ಸಿನಲ್ಲಿ ಬೇರೆ ಹುಳ ಇತ್ತು. ಇವತ್ತು ಹೇಳುತ್ತೇನೆ.

ಹೋದ ವರ್ಷ ಅಪ್ಪ ಇದ್ದಕ್ಕಿದ್ದ ಹಾಗೆ ಐಫೋನಿಗೆ ಬದಲಾದರಲ್ಲ, ಅವತ್ತಿನಿಂದಲೇ ನನಗೆ ಅನುಮಾನ. ಗಾರ್ಮೆಂಟ್ಸಿನಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುವ ಮನುಷ್ಯನಿಗೆ, ಸೆಕೆಂಡ್ ಹ್ಯಾಂಡಾದರೂ ಸರಿ, ಅಂಥ ಫೋನ್ ಯಾಕೆ? ಕೇಳಿದರೆ ಕ್ಯಾಮೆರಾ ಚೆನ್ನಾಗಿದೆ ಎಂದರು. ಒಂದು ಫೋಟೋ ತೆಗೆದದ್ದನ್ನು ನಾನು ಕಾಣೆ. ನಾನು ಕರೆ ಮಾಡಿದರೆ ಎತ್ತುತ್ತಿರಲಿಲ್ಲ, "ಏನು, ಬರಿ" ಎಂದು ಟೈಪ್ ಮಾಡುತ್ತಿದ್ದರು. ಊಟಕ್ಕೆ ಕೂತಾಗ ಕಿವಿಗೆ ವೈರಿಲ್ಲದ ಇಯರ್‌ಫೋನಿನ ಆ ಬಿಳಿ ಮೊಟಕುಗಳನ್ನು ಸಿಕ್ಕಿಸಿಕೊಂಡು ಫೋನನ್ನು ನನ್ನ ತಟ್ಟೆಯ ಪಕ್ಕಕ್ಕೆ ಸರಿಸುವುದು. ನಾನು ಗೋಡೆ ಜೊತೆ ಮಾತಾಡ್ತಿದ್ದೀನಾ ಎಂದು ಒಮ್ಮೆ ಕಿರುಚಿದ್ದೆ. "ಕೇಳಿಸ್ಕೋತಾನೇ ಇದ್ದೀನಿ ಕಣೇ ಸಿಐಡಿ" ಎಂದು ನಕ್ಕರು. ಇವರು ಯಾರ ಜೊತೆಗೋ ಸಂಪರ್ಕದಲ್ಲಿದ್ದಾರೆ, ನನ್ನ ಮಾತನ್ನು ಆ ಕಡೆಯವರಿಗೆ ಕೇಳಿಸುತ್ತಿದ್ದಾರೆ ಎಂದುಕೊಂಡೆ. ಫೋನ್ ಹತ್ತಿರ ಬಂದ ಕೂಡಲೇ ಮಾತು ನಿಲ್ಲಿಸುತ್ತಿದ್ದೆ. ಕೊನೆಕೊನೆಗೆ ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ಚಮಚದ ಸದ್ದೊಂದೇ.

ಅವರು ತೀರಿಹೋದ ಮೇಲೂ ಆ ಫೋನಿನ ಚಾರ್ಜು ಇಳಿಯಲು ನಾನು ಬಿಡಲಿಲ್ಲ. ನೆನಪಿಗೆಂದು ನೀನು ಅಂದುಕೊಂಡಿದ್ದೀಯ. ಅಲ್ಲ. ಯಾರು ಕರೆ ಮಾಡುತ್ತಾರೋ ನೋಡೋಣ ಎಂದು ಕಾದೆ. ಸಾಲ ಬೇಕೇ ಎಂದು ಕೇಳುವವರನ್ನು ಬಿಟ್ಟರೆ ಯಾರೂ ಮಾಡಲಿಲ್ಲ. ಅದಕ್ಕೂ ಸಿಟ್ಟು ಬಂತು.

ಇವತ್ತು ಅಂಗಡಿಗೆ ಹೋದದ್ದು ಇದಕ್ಕೇ. ಬೀಗ ತೆಗೆಯಲು ಆಗುತ್ತದೆಯೇ, ನೀನು ಅಳಿಸುವ ಮೊದಲು ಒಳಗೆ ಏನಿದೆ ಎಂದು ಒಮ್ಮೆ ನೋಡಲು ಸಾಧ್ಯವೇ ಎಂದು ಕೇಳಲು. ಕೌಂಟರಿನಲ್ಲಿ ನನ್ನ ವಯಸ್ಸಿನ ಹೆಂಗಸು ಕೂತಿದ್ದರು. ಬೀಗ ತೆಗೆಯೋಕೆ ಬರಲ್ಲ ಅಕ್ಕ ಎಂದು ಹೇಳುತ್ತಲೇ ಪರದೆಯ ಮೇಲಿನ ಮೂಲೆಯಿಂದ ಬೆರಳು ಎಳೆದರು. ಬೀಗ ಹಾಗೇ ಇರುವಾಗಲೇ ಕೆಲವು ಗುರುತುಗಳು ಇಳಿದುಬಂದವು. ಬೆಳಕು, ಟಾರ್ಚು, ಜೊತೆಗೆ ಒಂದು ಕಿವಿಯ ಚಿತ್ರ. ಅದನ್ನು ನೋಡಿ, "ಯಜಮಾನ್ರಿಗೆ ಕಿವಿ ಮಂದ ಇತ್ತಾ ಅಕ್ಕ?" ಎಂದು ಕೇಳಿದರು.

ನನಗೆ ರೇಗಿತು. ನೂರು ಯಂತ್ರ ಓಡುವ ಕಡೆ ಯಾವುದರ ಬೆಲ್ಟು ಸಡಿಲವಾಗಿದೆ ಎಂದು ಸದ್ದಿನಲ್ಲೇ ಹೇಳುವ ಮನುಷ್ಯ ಕಣಮ್ಮ, ಏನಂದುಕೊಂಡಿದ್ದೀರಿ ಎಂದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ನನ್ನ ಚೀಲದಲ್ಲಿದ್ದ ಆ ಬಿಳಿ ಮೊಟಕುಗಳನ್ನು ಒರೆಸಿ ನನ್ನ ಕಿವಿಗೆ ಇಡಲು ಹೇಳಿ, ಕಿವಿಯ ಗುರುತು ಒತ್ತಿ, ಫೋನನ್ನು ಎತ್ತಿಕೊಂಡು ಹೋಗಿ ಆ ತುದಿಯ ಗಾಜಿನ ಪೆಟ್ಟಿಗೆಯ ಮೇಲೆ ಇಟ್ಟರು. ಅಲ್ಲಿ ಗಂಡ ಹೆಂಡತಿ ಪಿಸುಗುಟ್ಟುತ್ತಿದ್ದರು. "ಜಾಸ್ತಿ ಆಯ್ತು ಕಣ್ರೀ, ಬೇರೆ ಕಡೆ ಕೇಳೋಣ" ಎಂದು ಆಕೆ ಹೇಳಿದ್ದು ನನ್ನ ಭುಜದ ಮೇಲೆ ಗಲ್ಲವಿಟ್ಟು ಹೇಳಿದಷ್ಟು ಹತ್ತಿರ ಕೇಳಿಸಿತು.

ಅಲ್ಲೇ ಸ್ಟೂಲ್ ಮೇಲೆ ಕೂತುಬಿಟ್ಟೆ, ಗುಬ್ಬಿ. ಇದು ಕೇಳಿಸದವರಿಗಾಗಿ ಇರುವುದು, ಎದುರಿನವರ ಹತ್ತಿರ ಫೋನ್ ಇಟ್ಟರೆ ಅವರ ಮಾತು ಇವರ ಕಿವಿಗೆ ಬರುತ್ತದೆ ಎಂದು ಆಕೆ ವಿವರಿಸಿದರು. ನಾನು ಮಾತು ನಿಲ್ಲಿಸಿದಾಗ ಅಪ್ಪನಿಗೆ ಏನು ಕೇಳಿಸುತ್ತಿತ್ತೋ. ಕಿವಿ ಮಂದವಾದದ್ದು ಕಾರ್ಖಾನೆಯವರಿಗೆ ಗೊತ್ತಾದರೆ ಕೆಲಸ ಹೋಗುತ್ತದೆ ಎಂದು ಮುಚ್ಚಿಟ್ಟರು, ಅದು ಅರ್ಥವಾಗುತ್ತದೆ. ನನ್ನಿಂದ ಯಾಕೆ? ನನಗೆ ಹೇಳಿದರೆ ಬೀದಿಗೆಲ್ಲ ಹೇಳುತ್ತೇನೆ ಅಂದುಕೊಂಡರೇ?

ಆಮೇಲೆ ಹಾಲಿನ ವ್ಯಾನು ನೆನಪಾಯಿತು.

ಅಪ್ಪ ತೀರಿಹೋದ ದಿನ ಅವರು ಫೋನನ್ನು ಚಾರ್ಜಿಗೆ ಹಾಕಿ, ಕಿವಿಗೇನೂ ಇಡದೆ, ಹಾಲು ತರಲು ಇಳಿದಿದ್ದರು. ವ್ಯಾನು ಹಿಂದಕ್ಕೆ ಬಂತು. ಹಾರ್ನ್ ಹೊಡೆಯುತ್ತಲೇ ಬಂದೆ ಎಂದು ಡ್ರೈವರ್ ಅತ್ತ. ಠಾಣೆಯಲ್ಲಿ ನಾನು ಏನು ಬರೆಸಿದೆ, ನೀನೂ ಪಕ್ಕದಲ್ಲೇ ಇದ್ದೆ. ನನ್ನ ಗಂಡನ ಕಿವಿ ಬಹಳ ಚುರುಕು, ಹಾರ್ನ್ ಹೊಡೆದಿದ್ದರೆ ಸರಿದು ನಿಲ್ಲುತ್ತಿದ್ದರು, ಇವನು ಸುಳ್ಳು ಹೇಳುತ್ತಿದ್ದಾನೆ ಎಂದೆ. ಆಗ ನೀನು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಸಮಾಧಾನಕ್ಕೆ ಎಂದುಕೊಂಡಿದ್ದೆ.

ಆ ಡ್ರೈವರನ ಲೈಸೆನ್ಸ್ ಹೋಗಿದೆ. ಈಗ ಅದೇ ಹಾಲಿನ ಡಿಪೋದಲ್ಲಿ ವ್ಯಾನು ತೊಳೆಯುತ್ತಾನೆ. ಕೇಸಿನಲ್ಲಿ ಜೈಲಾಗಬಹುದು ಎನ್ನುತ್ತಾರೆ. ಅವನ ಹೆಂಡತಿ ಲಾಂಡ್ರಿ ಬಾಗಿಲಿಗೆ ಬಂದು, "ಹಾರ್ನ್ ಹೊಡೆದಿದ್ರಮ್ಮ, ಬೇಕಾದ್ರೆ ಬೀದಿಯವರನ್ನ ಕೇಳಿ" ಎಂದಳು. ನಾಟಕ ಸಾಕು ಹೋಗು ಎಂದು ಎಲ್ಲರ ಎದುರಿಗೆ ಅಟ್ಟಿದೆ. ನಿನಗೆ ಇದನ್ನು ಹೇಳಿದಾಗ ನೀನು ಊಟ ಆಯ್ತಾ ಎಂದು ಕೇಳಿದೆ.

ಆ ಫೋನನ್ನು ಹುಡುಕಿ ಕೊಡಿಸಿದವಳು ನೀನು. ಎಲ್ಲ ಹೊಂದಿಸಿ ಕೊಟ್ಟವಳೂ ನೀನು. ಆ ಕಿವಿಯ ಗುರುತು ಅಲ್ಲಿಗೆ ತಾನಾಗಿ ಬಂದು ಕೂತಿತೇ? ಪರಿಹಾರದ ವಿಚಾರಣೆ ಹತ್ತಿರ ಬಂತು ಎಂದು ವಕೀಲರು ಹೇಳಿದ ವಾರದಿಂದಲೇ ನಿನಗೆ ನನ್ನ ಹಳೇ ಫೋನಿನ ಮೇಲೆ ಕನಿಕರ ಹುಟ್ಟಿತು. ಅಮ್ಮನಿಗೆ ಯಾರನ್ನು ಕಂಡರೂ ಅನುಮಾನ ಎಂದು ನೀನು ಹೇಳುವುದು ಗೊತ್ತು. ಅಪ್ಪನಿಗೆ ಮಾತು ಕೊಟ್ಟಿದ್ದಕ್ಕೆ ಬಾಯಿ ಬಿಡಲಿಲ್ಲವೋ, ನನಗೆ ಸಿಗುವ ಪರಿಹಾರ ತಪ್ಪಿಹೋಗುತ್ತದೆ ಎಂದು ಹೆದರಿದೆಯೋ, ನೀನೇ ಹೇಳಬೇಕು. ಎರಡೂ ನಮ್ಮ ಮೇಲಿನ ಪ್ರೀತಿಯೇ ಇರಬಹುದು. ಆದರೆ ಆ ಡ್ರೈವರನ ಮನೆಯಲ್ಲೂ ಒಬ್ಬ ಮಗಳಿದ್ದಾಳಂತೆ.

ನಾನು ಫೋನ್ ಬದಲಿಸುವುದಿಲ್ಲ. ನನ್ನದಕ್ಕೆ ಹೊಸ ಬ್ಯಾಟರಿ ಹಾಕಿಸಿದೆ, ಇನ್ನೆರಡು ವರ್ಷ ಓಡುತ್ತದೆ ಎಂದಿದ್ದಾರೆ. ಅಪ್ಪನ ಫೋನ್ ಹೇಗಿದೆಯೋ ಹಾಗೇ ಇರಲಿ. ಅದರಲ್ಲಿ ಬೇರೆ ಏನಿದೆ ಎಂದು ನೋಡುವ ಆಸೆಯೂ ಈಗ ಇಲ್ಲ.

ಸಿಟ್ಟು ಬಂದರೆ ಬೈದು ಬರಿ. ಬರೆಯದೆ ಮಾತ್ರ ಇರಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು, ತಲೆನೋವಿಗೆ ಮಾತ್ರೆ ನುಂಗುತ್ತಾ ಕೂರಬೇಡ, ಕಣ್ಣು ತೋರಿಸು.

ನಿನ್ನ ಅಮ್ಮ

ಮರೆತಿದ್ದೆ: ಅಂಗಡಿಯ ಆಕೆಯಿಂದಲೇ ನೆಟ್‌ವರ್ಕ್ ಕಡಿಯುವ ವಿಮಾನದ ಗುರುತು ಒತ್ತಿಸಿ ಅಪ್ಪನ ಫೋನನ್ನು ಚೀಲಕ್ಕೆ ಹಾಕಿಕೊಂಡೆ. ಹಾಗಿರುವಾಗ ದೂರದಿಂದ ಯಾರು ಏನು ಒತ್ತಿದರೂ ಅದು ಅಳಿಸಿಹೋಗುವುದಿಲ್ಲವಂತೆ. ಬರುವ ದಾರಿಯಲ್ಲಿ ಡಿಪೋಗೆ ಹೋಗಿ ಡ್ರೈವರನ ಹೆಂಡತಿಗೆ ಹೇಳಿಕಳಿಸಿದ್ದೇನೆ. ಈ ಕಾಗದ ನಿನ್ನ ಕೈ ಸೇರುವ ಹೊತ್ತಿಗೆ ನಾನು ಹೇಳಿಕೆ ಬದಲಿಸಿ ಬಂದಿರುತ್ತೇನೆ. ನಾಳೆ ಹತ್ತು ಗಂಟೆಗೆ ಅವಳೂ ನಾನೂ ಠಾಣೆಗೆ ಹೋಗುತ್ತಿದ್ದೇವೆ. ಲಾಂಡ್ರಿಗೆ ಅರ್ಧ ದಿನ ರಜೆ ಹೇಳಿದ್ದೇನೆ.